ಸ್ಕ್ರೀನು ಯಾವ ಕಡೆಗೆ ಬೀಳಬೇಕು? ಯೂನಿವರ್ಸಿಟಿಯಲ್ಲಿ 'ದಿ ಸ್ಕೂಲ್ ಫಾರ್ ಸ್ಕ್ಯಾಂಡಲ್' ಆಡುತ್ತಿದ್ದೇವೆ, ಸಲಹೆ ಬೇಕು

ಸೈಡ್‌ವಿಂಗ್

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಉತ್ತರದ ಕಡೆ ಒಂದು ಯೂನಿವರ್ಸಿಟಿಯಲ್ಲಿ ಓದುತ್ತಿದ್ದೇನೆ. ಓದುವುದು ನೀರು, ಚರಂಡಿಯ ಎಂಜಿನಿಯರಿಂಗ್. ಸಂಜೆ ಮಾತ್ರ ಇಲ್ಲಿನ ವಿದ್ಯಾರ್ಥಿ ನಾಟಕ ತಂಡದ ಜೊತೆ. ಊರಲ್ಲಿ ಹವ್ಯಾಸಿ ತಂಡದಲ್ಲಿ ನಾಲ್ಕು ವರ್ಷ ಬ್ಯಾಕ್‌ಸ್ಟೇಜ್ ಮಾಡಿದ್ದೆ ಅಂತ ಬಾಯಿ ಬಿಟ್ಟಿದ್ದೇ ತಪ್ಪಾಯಿತು, ಸ್ಟೇಜ್ ಮ್ಯಾನೇಜರ್ ಕೆಲಸ ನನ್ನ ತಲೆಗೆ ಕಟ್ಟಿದರು.

ನಾಟಕ ಷೆರಿಡನ್‌ನದು. 1777ರ ಮೇ 8ರಂದು ಲಂಡನ್ನಿನ ಡ್ರೂರಿ ಲೇನ್ ಥಿಯೇಟರಿನಲ್ಲಿ ಮೊದಲ ಸಲ ಆಡಿದ್ದು. ಓದದೇ ಇರುವವರಿಗೆ ಎರಡು ಮಾತಲ್ಲಿ ಹೇಳುತ್ತೇನೆ. ಒಂದಷ್ಟು ದೊಡ್ಡ ಮನೆಯವರು ಸೇರಿಕೊಂಡು ಇನ್ನೊಬ್ಬರ ಮನೆ ವಿಷಯ ಆಡಿಕೊಳ್ಳುತ್ತಾರೆ, ಅದೇ ಅವರಿಗೆ ಹೊಟ್ಟೆಪಾಡಿನಷ್ಟು ಮುಖ್ಯ. ಇಬ್ಬರು ಅಣ್ಣತಮ್ಮಂದಿರು. ಅಣ್ಣ ಜೋಸೆಫ್ ಬಾಯಿ ತೆರೆದರೆ ನೀತಿ, ಒಳಗೆಲ್ಲ ಹುಳುಕು. ತಮ್ಮ ಚಾರ್ಲ್ಸ್ ಕುಡುಕ, ಮೈತುಂಬ ಸಾಲ, ಆದರೆ ಮನಸ್ಸು ಒಳ್ಳೆಯದು. ಇಂಡಿಯಾದಲ್ಲಿ ದುಡ್ಡು ಮಾಡಿಕೊಂಡು ವಾಪಸ್ ಬಂದ ಚಿಕ್ಕಪ್ಪ ಸರ್ ಆಲಿವರ್ ವೇಷ ಮರೆಸಿಕೊಂಡು ಇಬ್ಬರನ್ನೂ ಪರೀಕ್ಷೆ ಮಾಡುತ್ತಾನೆ. ಈ ನಡುವೆ ವಯಸ್ಸಾದ ಸರ್ ಪೀಟರ್ ಟೀಜಲ್, ಹಳ್ಳಿ ಕಡೆಯಿಂದ ಮದುವೆ ಮಾಡಿಕೊಂಡು ತಂದ ಎಳೇ ಹೆಂಡತಿ, ಅವರ ದಿನದ ಜಗಳ.

ಈಗ ನನ್ನ ತಲೆನೋವು. ನಾಲ್ಕನೇ ಅಂಕದಲ್ಲಿ ಲೇಡಿ ಟೀಜಲ್ ಜೋಸೆಫ್‌ನ ಓದುವ ಕೋಣೆಗೆ ಬಂದಿರುತ್ತಾಳೆ. ಗಂಡ ಬಂದ ಅಂತ ಗೊತ್ತಾದ ಕೂಡಲೇ ಮಡಚುವ ಸ್ಕ್ರೀನಿನ ಹಿಂದೆ ಅಡಗುತ್ತಾಳೆ. ಆಮೇಲೆ ಚಾರ್ಲ್ಸ್ ಬರುತ್ತಾನೆ, ಗಂಡ ಹೋಗಿ ಪಕ್ಕದ ಕೋಣೆಯಲ್ಲಿ ಅಡಗುತ್ತಾನೆ. ಕೊನೆಗೆ ಚಾರ್ಲ್ಸ್ ತಮಾಷೆಗೆ ಸ್ಕ್ರೀನು ಕೆಡವುತ್ತಾನೆ. ಇಡೀ ನಾಟಕ ನಿಂತಿರುವುದು ಆ ಒಂದು ಬೀಳುವಿಕೆಯ ಮೇಲೆ. ನಮ್ಮ ಸ್ಕ್ರೀನು ತಾಲೀಮಿನಲ್ಲಿ ಎರಡು ಸಲ ತಾನಾಗೇ ಬಿತ್ತು, ಒಂದು ಸಲ ಬೀಳಲೇ ಇಲ್ಲ. ಯಾರಾದರೂ ಇಂಥದ್ದು ಮಾಡಿದವರು ಇದ್ದೀರಾ?

ಇನ್ನೊಂದು ವಿಷಯ. ಐದನೇ ಅಂಕದಲ್ಲಿ ರೂಪಾಯಿ, ಪಗೋಡ, ಅವಡವಟ್ ಅಂತೆಲ್ಲ ಬರುವ ಎರಡು ಮಾತನ್ನು ನಮ್ಮ ಡೈರೆಕ್ಟರ್ ಕತ್ತರಿಸಬೇಕು ಅನ್ನುತ್ತಾನೆ. ಅವನೂ ವಿದ್ಯಾರ್ಥಿಯೇ, ಒಳ್ಳೆಯ ಹುಡುಗ. 'ಯಾರಿಗೂ ಅರ್ಥ ಆಗಲ್ಲ' ಅನ್ನುವುದು ಅವನ ವಾದ. ನನಗೆ ಯಾಕೋ ಬಿಡಲು ಮನಸ್ಸಿಲ್ಲ, ಆದರೆ ಕಾರಣ ಹೇಳಲು ಬರುತ್ತಿಲ್ಲ.

ಬಿಜಾಗರಿ

ಮೇಡಂ, ಮೊದಲು ಸ್ಕ್ರೀನಿನ ವಿಷಯ. ಸೆಟ್ ಕೆಲಸ ಮಾಡಿ ಇಪ್ಪತ್ತು ವರ್ಷ ಆಯಿತು, ಷೆರಿಡನ್ ಗೊತ್ತಿಲ್ಲ, ಮರ ಗೊತ್ತು.

ಎಷ್ಟು ಮಡಿಕೆ ಇದೆ? ನಾಲ್ಕಾದರೆ ಒಳ್ಳೆಯದು. 6 ಅಡಿ ಎತ್ತರ, ಒಂದೊಂದು 2 ಅಡಿ ಅಗಲ. ಅಂಥ ಸ್ಕ್ರೀನು ನಿಲ್ಲುವುದು ಅಂಕುಡೊಂಕಾಗಿ ಇಟ್ಟಾಗ ಮಾತ್ರ. ನೇರ ಮಾಡಿದರೆ ಅದಕ್ಕೆ ಕಾಲೇ ಇಲ್ಲದ ಹಾಗೆ. ನಿಮ್ಮದು ತಾನಾಗೇ ಬಿತ್ತು ಅಂದರೆ ಯಾರೋ ಜಾಸ್ತಿ ಬಿಚ್ಚಿಟ್ಟಿದ್ದಾರೆ. ಬೀಳಲಿಲ್ಲ ಅಂದರೆ ಹುಡುಗ ಜಾಸ್ತಿ ಮಡಿಚಿರುವಾಗಲೇ ತಳ್ಳಿದ್ದಾನೆ. ತಳ್ಳುವುದು ಬೇಡ. ಒಂದು ತುದಿ ಹಿಡಿದು ಪಕ್ಕಕ್ಕೆ ಎಳೆದು ನೇರ ಮಾಡಲಿ, ಹಾಗೇ ಮೇಲಿನ ಅಂಚನ್ನು ಮುಂದಕ್ಕೆ ವಾಲಿಸಲಿ, ಉಳಿದದ್ದು ಅದೇ ನೋಡಿಕೊಳ್ಳುತ್ತದೆ. ಪ್ರೇಕ್ಷಕರ ಕಡೆಗೇ ಬೀಳಬೇಕು. ಹಿಂದಕ್ಕೆ ಬಿದ್ದರೆ ಆ ಹುಡುಗಿಯ ತಲೆ ಮೇಲೆ. ಪಕ್ಕಕ್ಕೆ ಬಿದ್ದರೆ ಒಂದು ಬದಿ ಕೂತವರಿಗೆ ಅವಳು ಅರ್ಧ ಸೆಕೆಂಡ್ ಮೊದಲೇ ಕಾಣುತ್ತಾಳೆ, ಮುಗಿಯಿತು ಕಥೆ.

ಸ್ಟೇಜಿನ ನೆಲದ ಮೇಲೆ ನಾಲ್ಕು ಕಾಲಿಗೂ ಟೇಪಿನ ಗುರುತು ಹಾಕಿ. ಇಂಚೂ ಆಚೀಚೆ ಆಗಬಾರದು.

ಒಂದು ಎಚ್ಚರಿಕೆ: ಬಟ್ಟೆ ಹೊದಿಸಿದ ಚೌಕಟ್ಟು ಗಾಳಿ ಹಿಡಿಯುತ್ತದೆ, ತೇಲಿದ ಹಾಗೆ ನಿಧಾನಕ್ಕೆ ಬೀಳುತ್ತದೆ, ಸದ್ದೇ ಬರುವುದಿಲ್ಲ. ಸದ್ದು ಬೇಕಿದ್ದರೆ ಮೇಲಿನ ಅಂಚಿಗೆ ಗಟ್ಟಿ ಪಟ್ಟಿ ಹೊಡೆಯಿರಿ. ಮತ್ತೆ ಬಟ್ಟೆಗೆ ಬೆಂಕಿ ಹಿಡಿಯದ ದ್ರಾವಣ ಹಚ್ಚಿದ್ದೀರಾ? ಅಲ್ಲಿ ಆ ವಿಷಯದಲ್ಲಿ ಬಿಡುವುದಿಲ್ಲ ಅಂತ ಕೇಳಿದ್ದೇನೆ.

ಹಳೇಮೇಷ್ಟ್ರು

ಈ ನಾಟಕ ಎಷ್ಟು ವರ್ಷ ಬಿ.ಎ. ತರಗತಿಗೆ ಪಾಠ ಮಾಡಿದೆನೋ ಲೆಕ್ಕವಿಲ್ಲ. ರಂಗದ ಮೇಲೆ ನೋಡಿದ್ದು ಒಂದೇ ಸಲ, ಅದೂ ಕೆಟ್ಟದಾಗಿ. ಅದಕ್ಕೇ ನಿಮ್ಮ ಪೋಸ್ಟ್ ನೋಡಿ ಖುಷಿಯಾಯಿತು.

ಬಿಜಾಗರಿಯವರು ಕಾಲು ಹೇಳಿದರು, ನಾನು ಕಿಟಕಿ ಹೇಳುತ್ತೇನೆ. ಆ ದೃಶ್ಯದ ಶುರುವಿನಲ್ಲಿ ಜೋಸೆಫ್ ಆಳಿಗೆ ಒಂದು ಮಾತು ಹೇಳುತ್ತಾನೆ ನೋಡಿ, 'ಆ ಸ್ಕ್ರೀನನ್ನು ಕಿಟಕಿಗೆ ಅಡ್ಡ ಇಡು, ಎದುರು ಮನೆಯಾಕೆಗೆ ಕುತೂಹಲ ಜಾಸ್ತಿ' ಅಂತ. ನಮ್ಮ ಹುಡುಗರು ಪರೀಕ್ಷೆಗೆ ಈ ಸಾಲು ಹಾರಿಸಿಬಿಡುತ್ತಿದ್ದರು. ಅಲ್ಲಿರುವ ತಮಾಷೆ ಏನು ಅಂದರೆ, ಲೇಡಿ ಟೀಜಲ್ ಅಡಗುವುದು ಸ್ಕ್ರೀನಿಗೂ ಕಿಟಕಿಗೂ ನಡುವೆ. ಕೋಣೆಯಲ್ಲಿರುವವರಿಗೆ ಕಾಣುವುದಿಲ್ಲ, ಎದುರು ಮನೆಯಾಕೆಗೆ ಪೂರ್ತಿ ದರ್ಶನ! ಹರಟೆಮಲ್ಲಿಯರ ನಾಟಕದಲ್ಲಿ ಇದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ. ಆದ್ದರಿಂದ ನಿಮ್ಮ ಸೆಟ್‌ನಲ್ಲಿ ಕಿಟಕಿ ಕಾಣಲೇಬೇಕು.

ಇನ್ನೊಂದು, ಆ ಸ್ಕ್ರೀನಿನ ಮೇಲೆ ನಕ್ಷೆಗಳಿವೆ. ಸರ್ ಪೀಟರ್ ಅದನ್ನು ನೋಡಿ, 'ನೀನು ಸ್ಕ್ರೀನಿನಿಂದಲೂ ಜ್ಞಾನ ಪಡೆಯುತ್ತೀಯಲ್ಲಯ್ಯಾ' ಅಂತ ಮೆಚ್ಚುತ್ತಾನೆ. ಜೋಸೆಫ್, 'ಹೌದು, ಅದರಿಂದ ನನಗೆ ಬಹಳ ಉಪಯೋಗ' ಅನ್ನುತ್ತಾನೆ. ಈ ಮಾತಿಗೆ ನಟ ಕಣ್ಣು ಮಿಟುಕಿಸಿದರೆ ಹಾಳು. ನಿಜಕ್ಕೂ ನಕ್ಷೆ ಓದುವವನ ಹಾಗೆ ಹೇಳಬೇಕು.

ಮೊದಲ ದಿನದ ಕಥೆಯೊಂದಿದೆ. ಆಗ ಇನ್ನೂ ಹುಡುಗನಾಗಿದ್ದ ಫ್ರೆಡರಿಕ್ ರೆನಾಲ್ಡ್ಸ್, ಮುಂದೆ ಇವನೂ ನಾಟಕಕಾರನಾದ, ರಾತ್ರಿ ಡ್ರೂರಿ ಲೇನ್ ಪಕ್ಕದ ಓಣಿಯಲ್ಲಿ ಹೋಗುತ್ತಿದ್ದನಂತೆ. ತಲೆ ಮೇಲೆ ಭಾರೀ ಸದ್ದು. ಥಿಯೇಟರೇ ಕುಸಿಯಿತು ಅಂತ ಜೀವ ಕೈಯಲ್ಲಿ ಹಿಡಿದು ಓಡಿದ. ಮರುದಿನ ಗೊತ್ತಾಯಿತು, ಬಿದ್ದದ್ದು ಸ್ಕ್ರೀನು, ಸದ್ದು ಮಾಡಿದ್ದು ಜನ. ಇದನ್ನು ಅವನೇ ಬರೆದುಕೊಂಡಿದ್ದಾನೆ.

ಸುಮ್ನೆಕೇಳ್ತೀನಿ

ತಪ್ಪು ತಿಳಿಯಬೇಡಿ. ಇನ್ನೂರೈವತ್ತು ವರ್ಷದ ಹಿಂದಿನ ಇಂಗ್ಲಿಷ್ ಸಾಹುಕಾರರ ಗಾಸಿಪ್ಪಿಗೆ ನಮ್ಮವರು ಯಾಕೆ ಇಷ್ಟು ಒದ್ದಾಡಬೇಕು? ಅಲ್ಲಿ ಹೋಗಿ ಒಂದು ಕನ್ನಡ ನಾಟಕ ಆಡಬಹುದಲ್ವಾ?

ಸೈಡ್‌ವಿಂಗ್

@ಸುಮ್ನೆಕೇಳ್ತೀನಿ ತಂಡದಲ್ಲಿ ಕನ್ನಡ ಬರುವವಳು ನಾನೊಬ್ಬಳೇ, ಏಕಪಾತ್ರಾಭಿನಯ ಮಾಡಬೇಕಾಗುತ್ತದೆ :) ನಮ್ಮ ತಂಡಕ್ಕೆ ಇದರಲ್ಲಿ ಇನ್ನೊಂದು ಆಸೆ, ನಾಟಕಕ್ಕೆ ರಾಯಲ್ಟಿ ಕಟ್ಟಬೇಕಿಲ್ಲ. ಉಳಿದ ದುಡ್ಡು ವಿಗ್ಗಿಗೆ.

ಆದರೆ ಹಳೆಯ ನಾಟಕದ ತೊಂದರೆ ಬೇರೆ. ಷೆರಿಡನ್ ತಾನಿರುವಾಗ ಇದರ ಅಧಿಕೃತ ಮುದ್ರಣ ಹೊರಡಿಸಲೇ ಇಲ್ಲ. ಹಾಗಾಗಿ ಒಂದೊಂದು ಪುಸ್ತಕದಲ್ಲಿ ಒಂದೊಂದು ಪಾಠ. ಮೊದಲ ವಾರ ಸರ್ ಪೀಟರ್ ಲೈಬ್ರರಿ ಪುಸ್ತಕದಿಂದ ಬಾಯಿಪಾಠ ಮಾಡಿದ, ಲೇಡಿ ಟೀಜಲ್ ಇಂಟರ್ನೆಟ್ಟಿನಿಂದ. ಗಂಡ ಹೆಂಡತಿ ಜಗಳದಲ್ಲಿ ಇವನು ಒಂದು ಹೇಳುತ್ತಾನೆ, ಅವಳ ಉತ್ತರ ಬೇರೆ ಯಾವುದಕ್ಕೋ. ಅರ್ಧ ಗಂಟೆ ಯಾರಿಗೂ ಗೊತ್ತಾಗಲಿಲ್ಲ. ನಿಜವಾದ ಗಂಡ ಹೆಂಡತಿ ಹಾಗೇ ಇದ್ದರು.

ಮೇಷ್ಟ್ರೇ, ಕಿಟಕಿ ವಿಷಯ ಓದಿ ಮೈ ಝುಂ ಅಂತು. ನಮ್ಮ ಸೆಟ್‌ನಲ್ಲಿ ಕಿಟಕಿಯೇ ಇರಲಿಲ್ಲ! ಇವತ್ತೇ ಹೇಳುತ್ತೇನೆ.

ಬಣ್ಣದಪೆಟ್ಟಿಗೆ

ನಾನು ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಕಾಸ್ಟ್ಯೂಮ್ ವಿಭಾಗದಲ್ಲಿದ್ದೆ. ಅಲ್ಲಿ ಷೆರಿಡನ್‌ನದೇ 'ದಿ ರೈವಲ್ಸ್' ಮಾಡಿದ್ದೆವು. ಆ ನಾಟಕ 1775ರ ಜನವರಿ 17ರಂದು ಮೊದಲ ಸಲ ಆಡಿದಾಗ ನೆಲ ಕಚ್ಚಿತು. ಆಸಾಮಿ ವಾಪಸ್ ತೆಗೆದುಕೊಂಡು ತಿದ್ದಿ ಹನ್ನೊಂದೇ ದಿನಕ್ಕೆ ಮತ್ತೆ ತಂದ, ಗೆದ್ದ. ತಾಲೀಮು ಕೆಟ್ಟಾಗೆಲ್ಲ ಇದನ್ನು ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆವು.

ನಿಮಗೆ ಹೇಳುವುದು ಒಂದೇ, ಬಟ್ಟೆ ಕೊನೆಯ ವಾರಕ್ಕೆ ಇಡಬೇಡಿ. ಹುಡುಗಿಯರಿಗೆ ಮೊದಲ ದಿನದಿಂದ ಉದ್ದ ಲಂಗ, ಒಳಗೆ ಬಿಗಿ ರವಿಕೆ ಕೊಡಿ. ಹುಡುಗರಿಗೆ ಹಿಮ್ಮಡಿ ಇರುವ ಬೂಟು. ಜೀನ್ಸ್ ಹಾಕಿಕೊಂಡು ತಾಲೀಮು ಮಾಡಿದವಳು ಡ್ರೆಸ್ ರಿಹರ್ಸಲ್ ದಿನ ಆ ಸ್ಕ್ರೀನಿನ ಹಿಂದೆ ಹಿಡಿಸುವುದೇ ಇಲ್ಲ. ಲಂಗದ ಅಂಚು ಹೊರಗೆ ಇಣುಕುತ್ತದೆ. ಬೀಸಣಿಗೆ ಕೊಡುವುದಾದರೆ ಅದಕ್ಕೂ ತಾಲೀಮು ಬೇಕು, ಇಲ್ಲದಿದ್ದರೆ ಒಲೆ ಊದಿದ ಹಾಗೆ ಬೀಸುತ್ತಾರೆ.

ಮತ್ತೆ ಮೋಸಸ್ ಪಾತ್ರ ಏನು ಮಾಡಿದ್ದೀರಿ? ಯೆಹೂದಿ ಲೇವಾದೇವಿಯವನು. ಅವನ ಜಾತಿ ಹಿಡಿದು ಹಾಸ್ಯ ಮಾಡುವ ಸಾಲುಗಳಿವೆ. ಯೂನಿವರ್ಸಿಟಿಯಲ್ಲಿ ಅದನ್ನು ನೋಡದೆ ದಾಟಲು ಆಗುವುದಿಲ್ಲ.

ಹಳೇಮೇಷ್ಟ್ರು

ಒಳ್ಳೆಯ ಪ್ರಶ್ನೆ. ನನ್ನ ಮಟ್ಟಿಗೆ ಮೋಸಸ್ ಇರಬೇಕು, ಅವನನ್ನು ಹೀಯಾಳಿಸುವ ಸಾಲುಗಳು ಹೋಗಬೇಕು. ಯಾಕೆ ಅಂದರೆ ಅವನು ಸರ್ ಆಲಿವರ್‌ಗೆ ಬಡ್ಡಿ ಪಾಠ ಹೇಳುವ ಜಾಗ ಬಿಟ್ಟರೆ ನಾಟಕ ಬಡವಾಗುತ್ತದೆ. ಸಾಲ ಕೇಳುವವನು ಅಷ್ಟೇನೂ ಆತುರದಲ್ಲಿ ಇಲ್ಲದಿದ್ದರೆ ನೂರಕ್ಕೆ ನಲವತ್ತು ಐವತ್ತು ಕೇಳು, ತೀರಾ ಕಷ್ಟದಲ್ಲಿದ್ದರೆ ಅದರ ಎರಡರಷ್ಟು. ಮೀಟರ್ ಬಡ್ಡಿ! ಆದರೆ ಪಾಠ ಕಲಿಯುತ್ತಿರುವ ವಿದ್ಯಾರ್ಥಿ ಯಾರು? ಇಂಡಿಯಾದಲ್ಲಿ ದುಡ್ಡು ಬಾಚಿ ಬಂದ ದೊಡ್ಡ ಮನುಷ್ಯ. ನಗು ಯಾರ ಕಡೆ ತಿರುಗಬೇಕು ಅನ್ನುವುದು ಡೈರೆಕ್ಟರ್ ಕೈಯಲ್ಲಿದೆ.

ಮೊದಲ ಮೋಸಸ್ ಆಡಿದ ರಾಬರ್ಟ್ ಬ್ಯಾಡ್ಲಿ ಮುಂಚೆ ಅಡುಗೆ ಕೆಲಸ ಮಾಡಿದವನು. ಸಾಯುವಾಗ 100 ಪೌಂಡ್ ಇಟ್ಟು, ಅದರ ಬಡ್ಡಿಯಲ್ಲಿ ಪ್ರತಿ ವರ್ಷ ಜನವರಿ 6ಕ್ಕೆ ಡ್ರೂರಿ ಲೇನ್ ನಟರಿಗೆ ಕೇಕು ಕೊಡಿ ಅಂತ ಬರೆದಿಟ್ಟ. ಬಡ್ಡಿ ಪಾಠ ಹೇಳಿದ ಪಾತ್ರಧಾರಿಯ ಬಡ್ಡಿ ಹಣ ಹೀಗೆ ಖರ್ಚಾಯಿತು.

ಈಗ ಪಗೋಡ. ತಂಗಿ, ಆ ಸಾಲು ಬಿಡಬೇಡಮ್ಮ. ಪಗೋಡ ಅಂದರೆ ಇಲ್ಲಿ ದೇವಸ್ಥಾನ ಅಲ್ಲ, ದಕ್ಷಿಣದ ಚಿನ್ನದ ನಾಣ್ಯ. ನಮ್ಮ ವರಾಹ! ನಾಟಕ ಮೊದಲು ಆಡಿದ 1777ರಲ್ಲಿ ಮೈಸೂರನ್ನು ಆಳುತ್ತಿದ್ದವನು ಹೈದರ್ ಅಲಿ. ಅವನ ವರಾಹದ ಒಂದು ಮುಖದಲ್ಲಿ ಶಿವ ಪಾರ್ವತಿ, ಇನ್ನೊಂದು ಮುಖದಲ್ಲಿ ಅವನ ಹೆಸರಿನ ಮೊದಲ ಅಕ್ಷರ. ಮೂರು ವರ್ಷಕ್ಕೆ ಕಂಪನಿ ಜೊತೆ ಎರಡನೇ ಯುದ್ಧ.

ಆ ಸಾಲು ಬರುವ ಜಾಗ ನೋಡು. ಸರ್ ಆಲಿವರ್ ಬಡ ನೆಂಟನ ವೇಷದಲ್ಲಿ ಜೋಸೆಫ್ ಹತ್ತಿರ ಸಹಾಯ ಬೇಡುತ್ತಾನೆ. 'ನಿಮ್ಮ ಚಿಕ್ಕಪ್ಪ ನಿಮಗೆ ಚಿನ್ನದ ಗಟ್ಟಿ, ರೂಪಾಯಿ, ಪಗೋಡ ಏನೂ ಕಳಿಸಲಿಲ್ಲವೇ?' ಜೋಸೆಫ್, 'ಅಯ್ಯೋ ಅದೆಲ್ಲ ಎಲ್ಲಿ ಬಂತು, ಆಗೊಮ್ಮೆ ಈಗೊಮ್ಮೆ ಪಿಂಗಾಣಿ, ಶಾಲು, ಕಾಂಗೊ ಟೀ, ಅವಡವಟ್, ಇಂಡಿಯಾ ಪಟಾಕಿ, ಅಷ್ಟೇ' ಅನ್ನುತ್ತಾನೆ. ಕಳಿಸಿದ್ದು ಹನ್ನೆರಡು ಸಾವಿರ ಪೌಂಡು! ಎದುರು ನಿಂತವನೇ ಕಳಿಸಿದವನು. ಅವಡವಟ್ ಅಂದರೆ ಕೆಂಪು ರಾಟವಾಳ, ಪಂಜರದಲ್ಲಿ ಮಾರುತ್ತಿದ್ದ ಪುಟ್ಟ ಹಕ್ಕಿ. ಅಹಮದಾಬಾದ್ ಅನ್ನುವ ಹೆಸರೇ ಇಂಗ್ಲಿಷರ ಬಾಯಲ್ಲಿ ಹಾಗಾಗಿದ್ದು.

ಇದೇ ಷೆರಿಡನ್ ಹತ್ತು ವರ್ಷದ ಮೇಲೆ, 1787ರ ಫೆಬ್ರವರಿಯಲ್ಲಿ, ಪಾರ್ಲಿಮೆಂಟಿನಲ್ಲಿ, ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ವಿರುದ್ಧ ಐದೂಮುಕ್ಕಾಲು ಗಂಟೆಯಷ್ಟು ಮಾತಾಡಿದ, ಔಧ್‌ನ ಬೇಗಂಗಳ ಹಣ ಕಿತ್ತುಕೊಂಡ ವಿಚಾರಕ್ಕೆ. ನಾಟಕದಲ್ಲಿ ಇಂಡಿಯಾದಿಂದ ಬಂದ ಚಿಕ್ಕಪ್ಪ ಒಳ್ಳೆಯವನು, ಅವನ ಹಣ ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಕೇಳಲು ಬರೆದವನಿಗೇ ಹತ್ತು ವರ್ಷ ಹಿಡಿಯಿತು ಅಂತ ನನಗೆ ಅನ್ನಿಸುತ್ತದೆ. @ಸುಮ್ನೆಕೇಳ್ತೀನಿ, ನಮಗೂ ಇದಕ್ಕೂ ಏನು ಸಂಬಂಧ ಅಂದಿರಲ್ಲ, ಇದೇ.

ಸುಮ್ನೆಕೇಳ್ತೀನಿ

ಒಪ್ಪಿದೆ ಮೇಷ್ಟ್ರೇ. ವರಾಹ ಅಂದ ಮೇಲೆ ಕಿವಿ ನಿಮಿರಿತು.

ಸೈಡ್‌ವಿಂಗ್

ಮೇಷ್ಟ್ರು ಬರೆದದ್ದನ್ನು ಡೈರೆಕ್ಟರ್‌ಗೆ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡು, 'ಇದೆಲ್ಲ ಸರಿ, ಆದರೆ ಪ್ರೇಕ್ಷಕರಿಗೆ ಇದನ್ನು ಯಾರು ಹೇಳುತ್ತಾರೆ?' ಅಂದ. ಅವನದೂ ಸರಿಯೇ. ಕೊನೆಗೆ ಜೋಸೆಫ್ ಪಾತ್ರದ ಹುಡುಗನೇ ದಾರಿ ಹುಡುಕಿದ. ಪಿಂಗಾಣಿ, ಶಾಲು, ಟೀ ಅಂತ ಒಂದೊಂದಕ್ಕೂ ಒಂದೊಂದು ಬೆರಳು ಮಡಚುತ್ತಾ ಹೋಗುತ್ತಾನೆ, ಐದಕ್ಕೆ ಮುಷ್ಟಿ ಮುಚ್ಚಿಹೋಗುತ್ತದೆ, ಮುಂದೆ ಏನೂ ಇಲ್ಲ ಅನ್ನುವ ಹಾಗೆ ಅದನ್ನೇ ನೋಡುತ್ತಾನೆ. ಮಾತು ಉಳಿಯಿತು. ಮೋಸಸ್ ಸಾಲುಗಳನ್ನು ಇಡೀ ತಂಡ ಕೂತು ನೋಡಿ ಹೀಯಾಳಿಕೆ ತೆಗೆದೆವು, ಬಡ್ಡಿ ಪಾಠ ಹಾಗೇ ಇದೆ.

ಸ್ಕ್ರೀನಿಗೆ ಹಳೆಯ ನಕ್ಷೆಗಳ ಪ್ರಿಂಟ್ ಅಂಟಿಸಿದ್ದೇವೆ. ಒಂದು ಮಡಿಕೆಗೆ ದಕ್ಷಿಣ ಇಂಡಿಯಾ. ಅದು ನನ್ನ ಕೆಲಸ, ಯಾರನ್ನೂ ಕೇಳಲಿಲ್ಲ.

ಹೊಸ ಜಗಳ: ಸ್ಕ್ರೀನಿನ ಹಿಂದೆ ಲೇಡಿ ಟೀಜಲ್ ಪ್ರೇಕ್ಷಕರಿಗೆ ಸ್ವಲ್ಪ ಕಾಣಬೇಕಾ, ಬೇಡವಾ? ಡೈರೆಕ್ಟರ್‌ಗೆ ಕಾಣಬೇಕು, ಅವಳ ಮುಖಭಾವಕ್ಕೆ ನಗು ಬರುತ್ತದೆ ಅಂತ.

ಹಳೇಮೇಷ್ಟ್ರು

ಬೇಡ, ಬೇಡ. ಅವಳು ಅಲ್ಲಿ ಕೇಳಿಸಿಕೊಳ್ಳುವುದು ಏನು? ಗಂಡ ತಾನು ಬದುಕಿರುವಷ್ಟು ದಿನ ಅವಳ ಕೈಗೆ ವರ್ಷಕ್ಕೆ 800 ಪೌಂಡು, ಸತ್ತ ಮೇಲೆ ಆಸ್ತಿಯ ದೊಡ್ಡ ಪಾಲು ಬರೆಯುತ್ತಿದ್ದೇನೆ ಅಂತ ಜೋಸೆಫ್‌ಗೆ ಗುಟ್ಟಾಗಿ ಹೇಳುತ್ತಾನೆ. ದಿನಾ ಜಗಳ ಆಡುವ ಮುದುಕ. ಆ ಮಾತು ಕೇಳಿ ಅವಳು ಬದಲಾಗುತ್ತಾಳೆ. ಸ್ಕ್ರೀನು ಬೀಳುವಾಗ ಜನ ನೋಡುವುದು ಸಿಕ್ಕಿಬಿದ್ದ ಹೆಂಗಸನ್ನು ಮಾತ್ರ ಅಲ್ಲ, ಒಳಗೆ ಹೋದವಳಲ್ಲ ಹೊರಗೆ ಬಂದವಳು. ಮೊದಲೇ ಮುಖ ತೋರಿಸಿದರೆ ಬೀಳಲು ಏನು ಉಳಿಯಿತು?

ಬಣ್ಣದಪೆಟ್ಟಿಗೆ

ನಾನು ಡೈರೆಕ್ಟರ್ ಕಡೆ. ಇವತ್ತಿನ ಪ್ರೇಕ್ಷಕರಿಗೆ ಒಂದು ಕೈ, ಒಂದು ಬೀಸಣಿಗೆ ತುದಿಯಾದರೂ ಕಾಣಲಿ. ಪೂರ್ತಿ ಮುಚ್ಚಿದರೆ ಹತ್ತು ನಿಮಿಷದಲ್ಲಿ ಅವಳನ್ನು ಮರೆತೇಬಿಡುತ್ತಾರೆ.

ಬಿಜಾಗರಿ

ಮರೆಯಲಿ ಬಿಡಿ ಮೇಡಂ. ಮರೆತರೇ ಮಜಾ.

ಹಳೇಮೇಷ್ಟ್ರು

ಲೈಟಿನ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಆ ಕಾಲದಲ್ಲಿ ಮೋಂಬತ್ತಿ, ದೀಪ, ನಾಟಕ ನಡೆಯುವಾಗಲೂ ಸಭಾಂಗಣ ಬೆಳಗಿಯೇ ಇರುತ್ತಿತ್ತು. ನಟನಿಗೆ ಜನ ಕಾಣುತ್ತಿದ್ದರು, ಸ್ವಗತವನ್ನು ಅವರ ಮುಖ ನೋಡಿಯೇ ಹೇಳುತ್ತಿದ್ದ. ನಮ್ಮ ಕಂಪನಿ ನಾಟಕದ ಹಾಸ್ಯಪಾತ್ರ ಮುಂದಿನ ಸಾಲಿನವರ ಜೊತೆ ಮಾತಾಡುತ್ತಿರಲಿಲ್ಲವೇ, ಹಾಗೆ. ಸಾಧ್ಯವಾದರೆ ಹಾಲ್ ಲೈಟು ಪೂರ್ತಿ ಆರಿಸಬೇಡಿ.

ಇನ್ನು ನಟರ ಉಚ್ಚಾರಣೆ ಬಗ್ಗೆ ಯಾರಾದರೂ ಮೂಗು ಮುರಿದರೆ ಹೇಳಿ, ಷೆರಿಡನ್ ಡಬ್ಲಿನ್ನಿನವನು, ಅವನಪ್ಪನೂ ಐರಿಷ್. ಇಂಗ್ಲಿಷರಿಗೆ ಇಂಗ್ಲಿಷ್ ಉಚ್ಚಾರಣೆ ಪಾಠ ಹೇಳಿ ಸಂಪಾದಿಸಿದ ಮನುಷ್ಯ. ಮಗ ಈ ನಾಟಕ ಬರೆದಾಗ ವಯಸ್ಸು 25, ನಿಮ್ಮ ಓರಗೆಯವನೇ.

ಸೈಡ್‌ವಿಂಗ್

ಮೂರು ಪ್ರದರ್ಶನ ಮುಗಿಯಿತು! ತಡವಾಗಿ ಬರೆಯುತ್ತಿದ್ದೇನೆ, ಎರಡು ದಿನ ಸುಮ್ನೆ ಮಲಗಿದ್ದೆ.

ಮೊದಲ ದಿನ. ಬಿಜಾಗರಿಯವರ ಮಾತು ಅರ್ಧ ಕೇಳಿದ್ದೆ, ಟೇಪು ಹಾಕಿದ್ದೆ, ಗಟ್ಟಿ ಪಟ್ಟಿ ಹೊಡೆಯಲು ಟೈಮ್ ಸಿಗಲಿಲ್ಲ. ನಾನು ಪ್ರಾಂಪ್ಟ್ ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತಿದ್ದೆ, ಅಂಗೈ ಬೆವರು. ಚಾರ್ಲ್ಸ್ ತುದಿ ಹಿಡಿದ, ಎಳೆದ, ನೇರವಾಯಿತು, ವಾಲಿತು. ನೀವು ಹೇಳಿದ ಹಾಗೇ ತೇಲಿತು. ಸದ್ದೇ ಇಲ್ಲ. ದಕ್ಷಿಣ ಇಂಡಿಯಾ ಮೆಲ್ಲಗೆ ಮುಖ ಕೆಳಗಾಗಿ ಮಲಗಿತು. ಹಿಂದೆ ಲೇಡಿ ಟೀಜಲ್, ಕಿಟಕಿಯ ಬೆಳಕು ಬೆನ್ನಿಗೆ, ಕೈಯಲ್ಲಿ ಮುಚ್ಚಿದ ಬೀಸಣಿಗೆ. ಅವಳು ತಲೆ ತಗ್ಗಿಸಿರಲಿಲ್ಲ, ಗಂಡನನ್ನೇ ನೋಡುತ್ತಿದ್ದಳು. ಒಂದೆರಡು ಸೆಕೆಂಡ್ ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ವಯಸ್ಸಾದ ಹೆಂಗಸು 'ಅಯ್ಯೋ' ಅನ್ನುವ ಹಾಗೆ ಉಸಿರು ಎಳೆದದ್ದು ನನಗೇ ಕೇಳಿಸಿತು. ಆಮೇಲೆ ಚಾರ್ಲ್ಸ್‌ನ ಮಾತು, ನಗು ಒಡೆಯಿತು ನೋಡಿ, ಸರ್ ಪೀಟರ್ ತನ್ನ ಸಾಲಿಗೆ ಕಾಯಬೇಕಾಯಿತು.

ಮರುದಿನ ಪಟ್ಟಿ ತಂದಿಟ್ಟಿದ್ದೆ. ಹೊಡೆಯಬೇಡ ಅಂತ ಡೈರೆಕ್ಟರೇ ಹೇಳಿದ. ಉಳಿದ ಎರಡು ದಿನವೂ ಹಾಗೇ ಬಿತ್ತು. ಲೇಡಿ ಟೀಜಲ್ ಮೊದಲು ಕಾಣಬೇಕು ಅನ್ನುವ ವಿಷಯ ಆಮೇಲೆ ಯಾರೂ ಎತ್ತಲಿಲ್ಲ.

ಪಗೋಡಕ್ಕೆ ಮೂರು ದಿನವೂ ಯಾರೂ ನಗಲಿಲ್ಲ, ಸತ್ಯ ಹೇಳುತ್ತೇನೆ. ಪಟಾಕಿಗೆ ನಕ್ಕರು. ಮುಷ್ಟಿಗೆ ಜಾಸ್ತಿ ನಕ್ಕರು. ಮೂರನೇ ದಿನ ನನ್ನ ಮನೆಯಲ್ಲಿರುವ ಇಬ್ಬರು ಹುಡುಗಿಯರು ಬಂದಿದ್ದರು, ಒಬ್ಬಳು ಧಾರವಾಡದವಳು. ನಾಟಕ ಮುಗಿದ ಮೇಲೆ, 'ಅಲ್ಲ, ಆ ಮುದುಕ ಇಂಡಿಯಾದಾಗ ಏನು ಮಾಡ್ತಿದ್ದ?' ಅಂದಳು. ಮೇಷ್ಟ್ರೇ, ನಿಮ್ಮ ನೆನಪಾಯಿತು.

ತಂಡಕ್ಕೆ ಗೋದಾಮು ಇಲ್ಲ, ಸ್ಕ್ರೀನು ಈಗ ನಮ್ಮ ಮನೆಯ ಹಾಲ್‌ನಲ್ಲಿದೆ. ಅದರ ಮೇಲೆ ಟವೆಲ್ ಒಣಗುತ್ತಿದೆ.

ಹಳೇಮೇಷ್ಟ್ರು

ಫೋಟೊ ಇದ್ದರೆ ಹಾಕಮ್ಮ. ಟವೆಲ್ ತೆಗೆದು.

ಬಿಜಾಗರಿ

ಒದ್ದೆ ಟವೆಲ್ ಹಾಕಬೇಡಿ, ಚೌಕಟ್ಟು ತಿರುಚಿಕೊಳ್ಳುತ್ತದೆ. ಬಿಸಾಡುವುದಾದರೆ ಬಿಜಾಗರಿ ಬಿಚ್ಚಿ ಇಟ್ಟುಕೊಳ್ಳಿ, ಸ್ಕ್ರೂ ಸಮೇತ.